‘ಜೋಕರ್’ ಚಿತ್ರದ ಆ ನಗು: ನಟನನ್ನು ಮೆಚ್ಚಿಕೊಂಡು ಚಿತ್ರವನ್ನು ಒಪ್ಪದಿರುವುದು ತಪ್ಪೇ?

ಕಾಳಿ ದಂಡೆ, ಕಾರವಾರ

2019ರ ಅಕ್ಟೋಬರ್‌ನಲ್ಲಿ ‘ಜೋಕರ್’ ಬಿಡುಗಡೆಯಾದಾಗ ನಾವು ನಾಲ್ವರು ಗೆಳೆಯರು ಕಾರವಾರದಿಂದ ರೈಲು ಹತ್ತಿ ಮಡಗಾಂವಿಗೆ ಹೋಗಿ ನೋಡಿ ಬಂದಿದ್ದೆವು. ಮನೋರೋಗದಿಂದ ಬಳಲುವ ಆರ್ಥರ್ ಎಂಬ ಬಡ ವಿದೂಷಕ ಕೊಲೆಗಾರ ಜೋಕರ್ ಆಗುವ ಕಥೆ ಅದು. ಆರ್ಥರ್ ಪಾತ್ರದ ವಾಕಿನ್ ಫೀನಿಕ್ಸ್ ಕೆಂಪು ಸೂಟು ತೊಟ್ಟು ಆ ಉದ್ದನೆಯ ಮೆಟ್ಟಿಲುಗಳ ಮೇಲೆ ಕುಣಿಯುತ್ತ ಇಳಿದಾಗ ಚಿತ್ರಮಂದಿರದಲ್ಲಿ ಶಿಳ್ಳೆ ಬಿದ್ದಿತ್ತು. ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ. ಕಳೆದ ವಾರ ಮಳೆ ಹಿಡಿದು ಎಲ್ಲಿಗೂ ಹೊರಡಲಾಗದ ಒಂದು ರಾತ್ರಿ ಅದೇ ಚಿತ್ರವನ್ನು ಮನೆಯಲ್ಲಿ ಅಮ್ಮನ ಜೊತೆ ಕುಳಿತು ಎರಡನೆಯ ಸಲ ನೋಡಿದೆ. ಈ ಸಲ ಅದೇ ದೃಶ್ಯ ಬಂದಾಗ ಅಮ್ಮನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಕಾರಣ ಹೇಳುತ್ತೇನೆ. ನನ್ನ ಸೋದರಮಾವ ಇಪ್ಪತ್ತು ವರ್ಷ ಸ್ಕಿಜೋಫ್ರೇನಿಯಾ ಎಂಬ ಮನೋರೋಗದಿಂದ ಬಳಲಿದವರು. ಅಜ್ಜನೂ ಅಮ್ಮನೂ ಸರದಿಯಂತೆ ಅವರನ್ನು ಕರೆದುಕೊಂಡು ಅರಬೈಲು ಘಟ್ಟ ಹತ್ತಿ ಧಾರವಾಡಕ್ಕೆ ಹೋಗಿ ತಿಂಗಳ ಔಷಧಿ ತರುತ್ತಿದ್ದರು. ಆ ಇಪ್ಪತ್ತು ವರ್ಷಗಳಲ್ಲಿ ಮಾವ ಒಬ್ಬರ ಮೇಲೂ ಕೈ ಎತ್ತಿದವರಲ್ಲ. ಅವರ ಮೇಲೆ ಕಲ್ಲು ಎಸೆದವರು, ಬಸ್ ನಿಲ್ದಾಣದಲ್ಲಿ ಅವರ ಅಂಗಿ ಹರಿದು ಚಪ್ಪಾಳೆ ತಟ್ಟಿದವರು ಬೇಕಾದಷ್ಟು ಮಂದಿ ಇದ್ದರು.

ಫೀನಿಕ್ಸ್ ಅವರ ಅಭಿನಯದಲ್ಲಿ ನನಗೆ ಎಳ್ಳಷ್ಟೂ ಸುಳ್ಳು ಕಾಣಲಿಲ್ಲ. ಬಸ್ಸಿನಲ್ಲಿ ಮುಂದಿನ ಆಸನದ ಮಗುವನ್ನು ನಗಿಸಲು ಹೋಗಿ, ತಾಯಿಯಿಂದ ಬೈಸಿಕೊಂಡು, ಬೇಡವೆಂದರೂ ಉಕ್ಕಿ ಬರುವ ನಗುವನ್ನು ಗಂಟಲಲ್ಲೇ ಅದುಮಿಡಲು ಆರ್ಥರ್ ಒದ್ದಾಡುವಾಗ ನನಗೆ ಮಾವನೇ ಕಂಡರು. ಆದರೆ ಇಷ್ಟು ನಿಜವಾದ ಮನುಷ್ಯನನ್ನು ಕಣ್ಣೆದುರು ನಿಲ್ಲಿಸಿದ ಮೇಲೆ, ಔಷಧಿ ಬಿಟ್ಟದ್ದರಿಂದ ಅವನ ಮನಸ್ಸು ತಿಳಿಯಾಯಿತು, ಕೊಲೆ ಮಾಡಿದ್ದರಿಂದ ಅವನ ನಡಿಗೆಗೆ ಲಯ ಬಂತು ಎಂಬಂತೆ ಕಥೆ ಸಾಗುತ್ತದೆ. ನಟನಿಗೆ ಕೈ ಮುಗಿಯುತ್ತೇನೆ, ಚಿತ್ರವನ್ನು ಒಪ್ಪಲಾರೆ. ಇವೆರಡನ್ನೂ ಬೇರ್ಪಡಿಸಿ ನೋಡಬಹುದೇ ಎಂಬುದು ನನ್ನ ಪ್ರಶ್ನೆ.

ತೋಟದ ಮನೆ, ಶಿರಸಿ

ಬೇರ್ಪಡಿಸಲಾಗದು. ಆ ನಟನಿಗೆ ಅಷ್ಟು ಜಾಗ ಬಿಟ್ಟುಕೊಟ್ಟದ್ದು ಚಿತ್ರವೇ ಅಲ್ಲವೇ?

ನೀವು ಚಿತ್ರವನ್ನು ತಲೆಕೆಳಗಾಗಿ ಓದಿದ್ದೀರಿ ಎಂದು ನನ್ನ ಅನಿಸಿಕೆ. ಅದು ದೂರುವುದು ರೋಗಿಯನ್ನಲ್ಲ, ಊರನ್ನು. ಮೊದಲ ದೃಶ್ಯದಲ್ಲೇ ಕಥೆಯ ಊರಾದ ಗಾಥಮ್ ನಗರದ ಬೀದಿಗಳಲ್ಲಿ ಕಸ ಕೊಳೆಯುತ್ತಿದೆ. ನಡುವೆ ಒಂದು ದಿನ ಆಪ್ತ ಸಮಾಲೋಚಕಿ ಆರ್ಥರ್‌ನನ್ನು ಕೂರಿಸಿಕೊಂಡು, ನಗರ ಹಣ ಕಡಿತ ಮಾಡಿದೆ, ಈ ಕಚೇರಿ ಮುಚ್ಚುತ್ತಿದೆ, ಇದೇ ನಮ್ಮ ಕೊನೆಯ ಭೇಟಿ ಎಂದು ಹೇಳುತ್ತಾಳೆ. ಅವನು ಕೇಳುವುದು ಇನ್ನು ತನ್ನ ಔಷಧಿಗೆ ಎಲ್ಲಿಗೆ ಹೋಗಬೇಕು ಎಂದು. ಅವನು ಔಷಧಿಯನ್ನು ಬಿಟ್ಟವನಲ್ಲ, ಅವನಿಂದ ಔಷಧಿಯನ್ನು ಕಿತ್ತುಕೊಂಡರು. ಈ ವ್ಯತ್ಯಾಸ ಸಣ್ಣದಲ್ಲ.

ಶರಾವತಿ ಅಳಿವೆ, ಹೊನ್ನಾವರ

ನಾನು ಚಿಕ್ಕಂದಿನಿಂದ ಯಕ್ಷಗಾನದ ಆಟ ನೋಡಿ ಬೆಳೆದವನು. ರಾತ್ರಿ ಊಟ ಮುಗಿಸಿ ಮೊದಲು ಓಡುತ್ತಿದ್ದದ್ದು ರಂಗಸ್ಥಳದ ಮುಂದಕ್ಕಲ್ಲ, ಹಿಂದೆ ವೇಷ ಕಟ್ಟುವ ಚೌಕಿಗೆ. ಸಂಜೆಯವರೆಗೆ ನಮ್ಮ ಜೊತೆ ಎಲೆ ಅಡಿಕೆ ಹಾಕಿಕೊಂಡು ಮಾತನಾಡುತ್ತಿದ್ದ ಮನುಷ್ಯ ಕನ್ನಡಿ ಹಿಡಿದು ಅರದಾಳ, ಇಂಗಳೀಕ, ಸಫೇತ ಹಚ್ಚಿಕೊಳ್ಳುತ್ತ ಹೋದಂತೆ ಅವನ ಕಣ್ಣು ಬದಲಾಗುತ್ತಿತ್ತು. ಕಿರೀಟ ಕಟ್ಟಿದ ಮೇಲೆ ನಾವು ಅವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ಜೋಕರ್’ ತೆರೆದುಕೊಳ್ಳುವುದೇ ಹಾಗೆ. ಕನ್ನಡಿಯ ಮುಂದೆ ಕುಳಿತ ಆರ್ಥರ್ ಮುಖಕ್ಕೆ ಬಣ್ಣ ಹಚ್ಚಿ, ಬಾಯಿಯ ಎರಡು ಕೊನೆಗಳಿಗೆ ಬೆರಳು ಹಾಕಿ ನಗುವನ್ನು ಮೇಲಕ್ಕೆ ಎಳೆಯುತ್ತಾನೆ. ಅಷ್ಟರಲ್ಲಿ ಒಂದು ಕಣ್ಣಿನಿಂದ ನೀರು ಇಳಿದು ಬಣ್ಣವನ್ನು ಕರಗಿಸುತ್ತದೆ. ಚೌಕಿಯಲ್ಲಿ ಕುಳಿತು ನೋಡಿದವರಿಗೆ ಈ ದೃಶ್ಯ ಬೇರೆಯವರಿಗಿಂತ ಒಂದು ಹಿಡಿ ಹೆಚ್ಚು ಅರ್ಥವಾಗುತ್ತದೆ ಎಂದು ನಾನು ನಂಬಿದ್ದೇನೆ.

ಮೆಟ್ಟಿಲ ಕುಣಿತದ ಬಗ್ಗೆ ನೀವು ಬರೆದದ್ದನ್ನು ಓದಿದಾಗ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ನೆನಪಾಯಿತು. ಮೋಹಿನಿಯ ಹೆಜ್ಜೆಗೆ ಹೆಜ್ಜೆ ಸೇರಿಸಿ ಭಸ್ಮಾಸುರ ಹಿಗ್ಗಿನಿಂದ ಕುಣಿಯುವಾಗ, ಆ ಕೈ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಿದ್ದರೂ ನಾವು ಕುಣಿತಕ್ಕೆ ಮರುಳಾಗುತ್ತಿದ್ದೆವು. ನೀವು ಮಡಗಾಂವಿನಲ್ಲಿ ಹೊಡೆದ ಶಿಳ್ಳೆಗೆ ನಾಚಬೇಕಾಗಿಲ್ಲ. ದುಷ್ಟ ಪಾತ್ರ ಚೆನ್ನಾಗಿ ಕುಣಿದಾಗ ಮೈ ನವಿರೇಳುವುದು ನಮ್ಮ ಕರಾವಳಿಯವರಿಗೆ ರಕ್ತದಲ್ಲೇ ಬಂದದ್ದು.

ಕಾಳಿ ದಂಡೆ, ಕಾರವಾರ

ಹೋಲಿಕೆ ಬಹಳ ಚೆನ್ನಾಗಿದೆ, ಆದರೆ ಅದು ನನ್ನ ಮಾತಿಗೇ ಬಲ ಕೊಡುತ್ತದೆ. ಭಸ್ಮಾಸುರನ ಕೈ ಅವನ ತಲೆಯ ಮೇಲೆಯೇ ಇಳಿಯುತ್ತದೆ. ಆರ್ಥರ್‌ನ ಕೈ ಇಳಿಯುವುದು ಬೇರೆಯವರ ತಲೆಯ ಮೇಲೆ, ಅದಾದ ಬಳಿಕ ಊರಿನ ಜನ ಅವನನ್ನು ಕಾರಿನ ಮೇಲೆ ನಿಲ್ಲಿಸಿ ಜಯಕಾರ ಹಾಕುತ್ತಾರೆ.

ಅಲೆಗಳ ಹುಡುಗ, ಅಂಕೋಲಾ

ಅಭಿನಯದ ಮಾತು ಬಂದರೆ 2008ರ ‘ದಿ ಡಾರ್ಕ್ ನೈಟ್’ ಚಿತ್ರದಲ್ಲಿ ಜೋಕರ್ ಆಗಿದ್ದ ಹೀತ್ ಲೆಜರ್ ಅವರ ಮುಂದೆ ಯಾರೂ ನಿಲ್ಲುವುದಿಲ್ಲ. ಅವರು ಈ ಪಾತ್ರದೊಳಗೆ ಎಷ್ಟು ಇಳಿದರೆಂದರೆ ಹೊರಗೆ ಬರಲಾಗದೆ ಪ್ರಾಣವನ್ನೇ ಬಿಟ್ಟರು. ಫೀನಿಕ್ಸ್ ಎರಡು ಗಂಟೆ ಅಳುತ್ತಾರೆ, ಲೆಜರ್ ಸ್ವಲ್ಪ ಹೊತ್ತು ಬಂದು ನಡುಗಿಸುತ್ತಾರೆ.

ನೀಲೆಕಣಿ, ಶಿರಸಿ

ಪಾತ್ರವೇ ಲೆಜರ್ ಅವರನ್ನು ಕೊಂದಿತು ಎಂಬ ಮಾತನ್ನು ದಯವಿಟ್ಟು ಹರಡಬೇಡಿ. ಅವರು ತೀರಿಕೊಂಡದ್ದು 2008ರ ಜನವರಿಯಲ್ಲಿ, ವೈದ್ಯರು ಬರೆದುಕೊಡುವಂಥ ಹಲವು ಔಷಧಿಗಳು ಮೈಯಲ್ಲಿ ಒಟ್ಟುಗೂಡಿ ವಿಷವಾದ ಕಾರಣ. ಅದು ಆಕಸ್ಮಿಕ ಸಾವು ಎಂದೇ ಪರೀಕ್ಷೆಯ ವರದಿ ಹೇಳಿತು. ಆಗ ಅವರಿಗೆ 28 ವರ್ಷ, ಬೇರೊಂದು ಚಿತ್ರದ ಕೆಲಸ ನಡೆಯುತ್ತಿತ್ತು. ನಟನ ಸಾವನ್ನು ಅವನ ಪಾತ್ರಕ್ಕೆ ಅಂಟಿಸಿದರೆ ಕಥೆಗೆ ರುಚಿ ಬರಬಹುದು, ಆ ಮನುಷ್ಯನಿಗೆ ನ್ಯಾಯವಾಗುವುದಿಲ್ಲ.

ಎರಡು ಪಾತ್ರಗಳ ಕೆಲಸವೂ ಬೇರೆ ಬೇರೆ. ಲೆಜರ್ ಅವರ ಜೋಕರ್‌ಗೆ ಪೂರ್ವಕಥೆಯೇ ಇಲ್ಲ. ಬಾಯಿಯ ಗಾಯ ಹೇಗಾಯಿತೆಂದು ಕೇಳಿದವರಿಗೆ ಒಮ್ಮೆ ಒಂದು ಕಥೆ, ಇನ್ನೊಮ್ಮೆ ಮತ್ತೊಂದು ಕಥೆ ಹೇಳುತ್ತಾನೆ. ಬಿರುಗಾಳಿ ಎಲ್ಲಿಂದ ಹುಟ್ಟಿತೆಂದು ಗೊತ್ತಿಲ್ಲದಿದ್ದರೇ ಭಯ ಹೆಚ್ಚು. ಫೀನಿಕ್ಸ್ ಅವರ ಮುಂದಿದ್ದ ಕೆಲಸ ಅದಕ್ಕೆ ತದ್ವಿರುದ್ಧ: ಆ ಗಾಳಿ ಎಲ್ಲಿಂದ ಹುಟ್ಟಿತೆಂದು ಅಂಗುಲ ಅಂಗುಲವಾಗಿ ತೋರಿಸಬೇಕಿತ್ತು. ಜೋಕರ್ ಪಾತ್ರಕ್ಕೆ ಇಬ್ಬರಿಗೂ ಆಸ್ಕರ್ ಬಂತು. ಹೀಗೆ ಒಂದೇ ಪಾತ್ರಕ್ಕೆ ಇಬ್ಬರು ನಟರು ಆಸ್ಕರ್ ಪಡೆದದ್ದು ಅದಕ್ಕೆ ಮೊದಲು ‘ಗಾಡ್‌ಫಾದರ್’ ಚಿತ್ರಗಳ ವಿಟೊ ಕಾರ್ಲಿಯೋನೆಗೆ ಮಾತ್ರ. ಇಬ್ಬರಿಗೂ ಜಾಗವಿದೆ, ತಕ್ಕಡಿ ಹಿಡಿಯುವ ಅಗತ್ಯವಿಲ್ಲ.

ಅಲೆಗಳ ಹುಡುಗ, ಅಂಕೋಲಾ

ಸಾವಿನ ವಿಷಯದಲ್ಲಿ ತಿದ್ದಿಕೊಂಡೆ, ಧನ್ಯವಾದ. ಲೆಜರ್ ಅವರೇ ಮೇಲು ಎಂಬ ಮಾತನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ.

ಅಘನಾಶಿನಿ, ಕುಮಟಾ

ನಾನು ವೃತ್ತಿಯಿಂದ ವೈದ್ಯೆ. ಆ ನಗುವಿನ ಬಗ್ಗೆ ಒಂದು ಸ್ಪಷ್ಟನೆ ಕೊಡಲೇಬೇಕು. ಆರ್ಥರ್‌ನ ನಗು ಹುಚ್ಚಿನ ನಗುವಲ್ಲ. ಬಸ್ಸಿನಲ್ಲಿ ಅವನು ತೋರಿಸುವ ಚೀಟಿಯಲ್ಲೇ ಇದು ಕಾಯಿಲೆ, ನನ್ನ ಮನಸ್ಸಿನ ಭಾವನೆಗೂ ಈ ನಗುವಿಗೂ ಸಂಬಂಧವಿಲ್ಲ ಎಂಬ ಅರ್ಥದ ಬರಹವಿದೆ. ಚಿತ್ರದಲ್ಲಿ ಹೆಸರು ಹೇಳಿಲ್ಲವಾದರೂ ವರ್ಣನೆ ಹೊಂದುವುದು ಸ್ಯೂಡೋಬಲ್ಬಾರ್ ಅಫೆಕ್ಟ್ ಎಂಬ ಸ್ಥಿತಿಗೆ. ಅಳು ಮತ್ತು ನಗುವಿನ ಹೊರರೂಪವನ್ನು ಹಿಡಿತದಲ್ಲಿಡುವ ಮೆದುಳಿನ ನರಮಾರ್ಗಗಳಿಗೆ ಪೆಟ್ಟಾದಾಗ ಹೀಗಾಗುತ್ತದೆ. ಪಾರ್ಶ್ವವಾಯು, ತಲೆಗೆ ಬಿದ್ದ ಪೆಟ್ಟು, ನರಗಳನ್ನು ಬಾಧಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್, ಸ್ನಾಯುಗಳ ಬಲ ಕುಂದಿಸುವ ನರರೋಗವಾದ ಎಎಲ್‌ಎಸ್ ಇರುವವರಲ್ಲಿ ಇದನ್ನು ಕಾಣುತ್ತೇವೆ. ದುಃಖದ ಮನೆಯಲ್ಲಿ ನಗು ಬರಬಹುದು, ಸಣ್ಣ ಮಾತಿಗೆ ಅಳು ಉಕ್ಕಬಹುದು, ರೋಗಿಗೆ ತಾನು ಮಾಡುತ್ತಿರುವುದು ಅನುಚಿತವೆಂದು ಪೂರ್ತಿ ಗೊತ್ತಿರುತ್ತದೆ. ಆ ಅರಿವೇ ನರಕ.

ನಾನು ಕಂಡ ಒಬ್ಬ ಹಿರಿಯರು ಪಾರ್ಶ್ವವಾಯುವಿನ ಬಳಿಕ ಮನೆಗೆ ನೆಂಟರು ಬಂದರೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮನೆಯವರು ಅಹಂಕಾರವೆಂದು ತಿಳಿದಿದ್ದರು. ಎದುರಿಗೆ ಯಾರಾದರೂ ಕುಳಿತರೆ ಅಳು ತಡೆಯಲಾಗದು ಎಂಬ ನಾಚಿಕೆಯೇ ಕಾರಣವೆಂದು ತಿಳಿಯಲು ತಿಂಗಳುಗಳೇ ಹಿಡಿದವು. ಇದಕ್ಕೆ ಔಷಧಿ ಉಂಟು, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಸಣ್ಣ ಪ್ರಮಾಣದಲ್ಲೇ ಹಲವರಿಗೆ ಗುಣ ಕೊಡುತ್ತವೆ. ಮನೆಯಲ್ಲಿ ಇಂಥವರಿದ್ದರೆ ನರರೋಗ ತಜ್ಞರಿಗೆ ತೋರಿಸಿ.

ಫೀನಿಕ್ಸ್ ಇಂಥ ರೋಗಿಗಳ ವಿಡಿಯೊಗಳನ್ನು ನೋಡಿ ಅಭ್ಯಾಸ ಮಾಡಿದರೆಂದು ಅವರೇ ಹೇಳಿಕೊಂಡಿದ್ದಾರೆ. ಅಭ್ಯಾಸ ಕಾಣುತ್ತದೆ. ನಗು ಹೊಟ್ಟೆಯಿಂದ ಏಳುತ್ತದೆ, ಕಣ್ಣು ಮಾತ್ರ ನಗುವುದಿಲ್ಲ. ನಗು ಮುಗಿದ ಕೂಡಲೇ ಉಸಿರು ಕಟ್ಟಿದವನಂತೆ ಗಂಟಲು ಹಿಡಿದುಕೊಳ್ಳುತ್ತಾನೆ. ಒಂದು ನಗುವನ್ನೂ ಅವರು ಎರಡು ಸಲ ಒಂದೇ ತರಹ ನಕ್ಕಿಲ್ಲ.

ಮೂಲ ಪ್ರಶ್ನೆಗೆ ಬರುವುದಾದರೆ ನಾನು ಕಾಳಿ ದಂಡೆಯವರ ಪಕ್ಷ. ತಲೆಗೆ ಪೆಟ್ಟು, ಬಾಲ್ಯದ ಹಿಂಸೆ, ಖಿನ್ನತೆ, ಭ್ರಮೆ, ಏಳು ಬಗೆಯ ಮಾತ್ರೆಗಳು, ಇವೆಲ್ಲವನ್ನೂ ಒಬ್ಬನ ಮೇಲೆ ಹೇರಿ, ಕೊನೆಗೆ ಅವನ ಕೈಗೆ ಪಿಸ್ತೂಲು ಕೊಟ್ಟರೆ, ಪ್ರೇಕ್ಷಕ ಮನೆಗೆ ಒಯ್ಯುವುದು ರೋಗದಿಂದ ಕೊಲೆ ಹುಟ್ಟುತ್ತದೆ ಎಂಬ ಲೆಕ್ಕವನ್ನು. ಮನೋರೋಗ ಇರುವವರಲ್ಲಿ ಬಹುಪಾಲು ಜನ ಯಾರನ್ನೂ ಹಿಂಸಿಸುವುದಿಲ್ಲ, ಹಿಂಸೆಗೆ ಗುರಿಯಾಗುವುದೇ ಹೆಚ್ಚು. ಇವರ ಮಾವನ ಕಥೆ ಅಪವಾದವಲ್ಲ, ಅದೇ ಸಾಮಾನ್ಯ.

ತೋಟದ ಮನೆ, ಶಿರಸಿ

ವೈದ್ಯರೇ, ನೀವು ಹೇಳಿದ್ದು ಆಸ್ಪತ್ರೆಯ ಸತ್ಯ. ಕಥೆಗೆ ಸರಾಸರಿಯ ಮನುಷ್ಯನನ್ನೇ ತೆಗೆದುಕೊಳ್ಳಬೇಕೆಂಬ ನಿಯಮವಿಲ್ಲ. ಮೇಲಾಗಿ ಆರ್ಥರ್‌ಗೆ ಪಿಸ್ತೂಲು ಕೊಟ್ಟದ್ದು ರೋಗವಲ್ಲ, ಜೊತೆಯ ಕೆಲಸಗಾರ ರ‍್ಯಾಂಡಲ್. ರೈಲಿನಲ್ಲಿ ಅವನು ಮೂವರು ಯುವಕರನ್ನು ಕೊಲ್ಲುವ ಪ್ರಸಂಗದಲ್ಲೂ ಮೊದಲು ಹೊಡೆದವನು ಅವನಲ್ಲ, ಆ ಯುವಕರೇ.

ಅಘನಾಶಿನಿ, ಕುಮಟಾ

ಇಬ್ಬರನ್ನು ಕೊಂದದ್ದು ಆತ್ಮರಕ್ಷಣೆಗೆ ಎನ್ನೋಣ. ಮೂರನೆಯವನು ಕುಂಟುತ್ತ ಓಡಿಹೋಗುವಾಗ ರೈಲಿನಿಂದ ಇಳಿದು ಬೆನ್ನಟ್ಟಿ ಕೊಂದದ್ದು?

ಕೌರವನ ಪಕ್ಷ, ಯಲ್ಲಾಪುರ

ಈ ಮೂರನೆಯ ಕೊಲೆಯಲ್ಲೇ ಚಿತ್ರದ ಗುಟ್ಟು ಇದೆ ಎಂದು ನನಗೆ ತೋರುತ್ತದೆ, ಆದುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಖಳನ ಮೇಲೆ ಕನಿಕರ ಹುಟ್ಟಿಸುವುದು ಕನ್ನಡಿಗರಿಗೆ ಹಾಲಿವುಡ್ ಕಲಿಸಿದ ವಿದ್ಯೆಯಲ್ಲ. ಸಾವಿರ ವರ್ಷದ ಹಿಂದೆಯೇ ರನ್ನ ‘ಗದಾಯುದ್ಧ’ದಲ್ಲಿ ದುರ್ಯೋಧನನನ್ನು ಹೆಣಗಳ ನಡುವೆ ನಡೆಸಿದ. ದ್ರೋಣನ, ಅಭಿಮನ್ಯುವಿನ, ತಮ್ಮನಾದ ದುಶ್ಶಾಸನನ, ಮಗ ಲಕ್ಷಣನ, ಗೆಳೆಯ ಕರ್ಣನ ಶವಗಳ ಮುಂದೆ ನಿಂತು ಆತ ಮರುಗುವುದನ್ನು ಓದಿ ಕಣ್ಣು ತೇವವಾಗದವರಿಲ್ಲ. ಬಿ.ಎಂ.ಶ್ರೀ. ಅವರು ಅದನ್ನೇ ನಾಟಕಕ್ಕೆ ತಂದು ಆತನನ್ನು ದುರಂತ ನಾಯಕನ ಎತ್ತರದಲ್ಲಿ ನಿಲ್ಲಿಸಿದರು. ನಮ್ಮ ಭಾಗದ ಆಟಗಳಲ್ಲಿ ವೈಶಂಪಾಯನ ಸರೋವರದ ದಡದ ಕೌರವನಿಗೆ ಸಿಗುವ ಮರ್ಯಾದೆ ಭೀಮನಿಗೂ ಸಿಗುವುದಿಲ್ಲ.

ಆದರೆ ಒಂದು ಮುಖ್ಯ ಭೇದವನ್ನು ಗಮನಿಸಬೇಕು. ಕೌರವನಿಗೆ ಕೊನೆಯ ಗಳಿಗೆಯವರೆಗೂ ಆಯ್ಕೆ ಇತ್ತು. ಭೀಷ್ಮರು ಸಂಧಿ ಮಾಡಿಕೊ ಎಂದರು, ಆತ ಛಲ ಬಿಡಲಿಲ್ಲ. ಆ ಛಲ ತನ್ನನ್ನು ಎಲ್ಲಿಗೆ ಒಯ್ಯುತ್ತದೆ ಎಂದು ಗೊತ್ತಿದ್ದೇ ಹಿಡಿದದ್ದರಿಂದ ಆತನ ಮೇಲೆ ನಮಗೆ ಕನಿಕರವೂ ಬರುತ್ತದೆ, ಗೌರವವೂ ಬರುತ್ತದೆ, ಆತ ಮಾಡಿದ್ದು ಅನ್ಯಾಯ ಎಂಬ ಎಚ್ಚರವೂ ಉಳಿಯುತ್ತದೆ. ‘ಜೋಕರ್’ ಚಿತ್ರದ ನಿರ್ದೇಶಕ ಟಾಡ್ ಫಿಲಿಪ್ಸ್ ಆರ್ಥರ್‌ನ ಮುಂದಿನ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚುತ್ತ ಹೋಗುತ್ತಾರೆ. ಕೆಲಸ ಹೋಯಿತು, ಔಷಧಿ ಹೋಯಿತು, ತಂದೆಯೆಂದು ನಂಬಿದವನು ಮುಖಕ್ಕೆ ಗುದ್ದಿದ, ತಾಯಿ ಹೇಳಿದ್ದು ಸುಳ್ಳೆಂದು ಕಡತಗಳು ಹೇಳಿದವು, ಪ್ರೀತಿಸಿದವಳ ಜೊತೆ ಕಳೆದ ದಿನಗಳೆಲ್ಲ ಅವನ ಭ್ರಮೆಯೆಂದು ತಿಳಿಯಿತು. ಎಲ್ಲ ಬಾಗಿಲು ಮುಚ್ಚಿ, ಒಂದೇ ಕಿಂಡಿ ಬಿಟ್ಟು, ಅದರಿಂದ ಅವನು ಹೊರಬಿದ್ದಾಗ ಇವನು ಹೀಗಾಗದೆ ಇನ್ನೇನಾಗುತ್ತಾನೆ ಎಂದು ನಮ್ಮಿಂದ ಹೇಳಿಸುತ್ತಾರೆ. ಇದು ಕಥೆ ಕಟ್ಟುವವನು ಹಿಡಿದ ಅಡ್ಡದಾರಿ.

ಈಗ ನಟನ ವಿಷಯ. ಫೀನಿಕ್ಸ್ ಈ ಅಡ್ಡದಾರಿಯನ್ನು ಪೂರ್ತಿ ಒಪ್ಪಿಕೊಂಡಿಲ್ಲ ಎಂಬುದು ನನ್ನ ವಾದ. ಮೂರನೆಯವನನ್ನು ಬೆನ್ನಟ್ಟುವಾಗ ಅವರ ಮುಖದಲ್ಲಿ ಭಯವೂ ಇಲ್ಲ, ಸಿಟ್ಟೂ ಇಲ್ಲ, ಈಗ ನನ್ನ ಸರದಿ ಎಂಬ ತೀರ್ಮಾನ ಮಾತ್ರ ಇದೆ. ಕೊನೆಯ ಭಾಗದಲ್ಲಿ ರ‍್ಯಾಂಡಲ್‌ನನ್ನು ಕೊಂದ ಮೇಲೆ ಜೊತೆಯ ಇನ್ನೊಬ್ಬ ಕೆಲಸಗಾರ, ಕುಳ್ಳಗಿನ ಗ್ಯಾರಿಯನ್ನು ಬಿಟ್ಟುಬಿಡುತ್ತಾನೆ. ಚಿಲಕ ಎಟುಕದ ಗ್ಯಾರಿ ತೆರೆಯಲು ಬೇಡಿಕೊಂಡಾಗ ಎದ್ದು ಹೋಗಿ ತೆರೆದು, ನನ್ನನ್ನು ಆದರಿಸಿದವನು ನೀನೊಬ್ಬನೇ ಎಂಬ ಅರ್ಥದ ಮಾತು ಹೇಳಿ, ಹಣೆಗೆ ಮುತ್ತಿಟ್ಟು ಕಳುಹಿಸುತ್ತಾನೆ. ಯಾರನ್ನು ಕೊಲ್ಲಬೇಕು, ಯಾರನ್ನು ಬಿಡಬೇಕು ಎಂಬ ವಿವೇಚನೆ ಇರುವವನು ರೋಗದ ಕೈಗೊಂಬೆಯಲ್ಲ. ಕಥೆ ಕಿತ್ತುಕೊಂಡ ಆಯ್ಕೆಯನ್ನು ನಟ ತನ್ನ ಕಣ್ಣಿನಲ್ಲಿ ಆರ್ಥರ್‌ಗೆ ಮರಳಿ ಕೊಟ್ಟಿದ್ದಾರೆ. ಹಾಗಾಗಿ ಮೊದಲ ಪ್ರಶ್ನೆಗೆ ನನ್ನ ಉತ್ತರ: ಬೇರ್ಪಡಿಸಬಹುದು, ಬೇರ್ಪಡಿಸಲೇಬೇಕು.

ಶರಾವತಿ ಅಳಿವೆ, ಹೊನ್ನಾವರ

ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವ ಒಳ್ಳೆಯ ಅರ್ಥಧಾರಿ ಮಾಡುವುದೂ ಇದನ್ನೇ. ಪ್ರಸಂಗದ ಪದ್ಯ ಬದಲಾಗುವುದಿಲ್ಲ, ಪದ್ಯದ ಮೇಲೆ ಅವನು ಹೇಳುವ ಅರ್ಥದಿಂದ ಪಾತ್ರ ಬದಲಾಗುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ ರಾವಣನನ್ನೋ ಮಾಗಧನನ್ನೋ ಕೇಳಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ತೋಟದ ಮನೆ, ಶಿರಸಿ

ಯಲ್ಲಾಪುರದವರ ಮಾತಿನಲ್ಲಿ ತೂಕವಿದೆ. ಆದರೆ ಗ್ಯಾರಿಯನ್ನು ಬಿಟ್ಟುಕಳುಹಿಸುವ ದೃಶ್ಯವನ್ನು ಬರೆದದ್ದೂ ನಿರ್ದೇಶಕ ಮತ್ತು ಸಹಲೇಖಕ ಸ್ಕಾಟ್ ಸಿಲ್ವರ್ ಅವರೇ. ಒಳ್ಳೆಯದೆಲ್ಲ ನಟನದು, ಕೆಟ್ಟದ್ದೆಲ್ಲ ಚಿತ್ರದ್ದು ಎಂದು ಹಂಚುವುದು ನ್ಯಾಯವೇ?

ಕೌರವನ ಪಕ್ಷ, ಯಲ್ಲಾಪುರ

ಗ್ಯಾರಿಯ ದೃಶ್ಯದ ಮಟ್ಟಿಗೆ ನಿಮ್ಮ ಮಾತು ಸರಿ, ಒಪ್ಪಿದೆ.

ಮುರುಡೇಶ್ವರದ ಪ್ರೇಕ್ಷಕ, ಭಟ್ಕಳ

ಎಲ್ಲರೂ ಹೊಗಳುತ್ತಿರುವಾಗ ಒಂದು ಅಪಸ್ವರ. ಈ ಪಾತ್ರಕ್ಕಾಗಿ ಫೀನಿಕ್ಸ್ ಸುಮಾರು 23 ಕಿಲೋ ತೂಕ ಇಳಿಸಿದರೆಂದು ಹೋದಲ್ಲೆಲ್ಲ ಕೇಳುತ್ತೇನೆ. ಉಪವಾಸವನ್ನು ಅಭಿನಯವೆಂದು ಎಣಿಸುವ ಚಾಳಿ ಎಲ್ಲಿಂದ ಬಂತು? 2004ರ ‘ದಿ ಮೆಷಿನಿಸ್ಟ್’ ಚಿತ್ರಕ್ಕೆ ಕ್ರಿಶ್ಚಿಯನ್ ಬೇಲ್ ಅದಕ್ಕಿಂತ ಹೆಚ್ಚು ಇಳಿಸಿದ್ದರು. ಅಂದಮಾತ್ರಕ್ಕೆ ಅವರು ಹೆಚ್ಚು ದೊಡ್ಡ ನಟರಾದರೇ? ಬೆನ್ನಿನ ಮೂಳೆ ಎಣಿಸುವಂತೆ ಕಾಣಿಸಿದ ಮಾತ್ರಕ್ಕೆ ಪಾತ್ರದ ನೋವು ಕಂಡಂತಾಗುವುದಿಲ್ಲ. ಎಳೆಯ ನಟರು ಇದನ್ನು ನೋಡಿ ಆರೋಗ್ಯ ಕೆಡಿಸಿಕೊಳ್ಳುತ್ತಾರೆ ಎಂಬ ಆತಂಕವೂ ನನಗಿದೆ.

ನೀಲೆಕಣಿ, ಶಿರಸಿ

ಆತಂಕ ಸರಿಯಾದದ್ದೇ. ಆದರೆ ಇಲ್ಲಿ ತೂಕ ಇಳಿಸಿದ್ದು ಪ್ರದರ್ಶನಕ್ಕೆ ಮಾತ್ರ ಅಲ್ಲ. ಮೈ ಹಗುರಾದ ಮೇಲೆ ಹಿಂದೆ ಸಾಧ್ಯವಾಗದ ಚಲನೆಗಳು ತನಗೆ ಸಾಧ್ಯವಾದವೆಂದು ಅವರು ಹೇಳಿದ್ದಾರೆ, ಅದು ಚಿತ್ರದಲ್ಲಿ ಕಾಣುತ್ತದೆ. ಮೊದಲರ್ಧದಲ್ಲಿ ಆರ್ಥರ್ ಓಡುವಾಗ ದೊಡ್ಡ ಬೂಟುಗಳು ಪಟಪಟನೆ ಬಡಿಯುತ್ತ ಮೊಣಕಾಲು ಅಡ್ಡಾದಿಡ್ಡಿ ಹೋಗುತ್ತವೆ. ಅದೇ ಮೆಟ್ಟಿಲುಗಳನ್ನು ಚಿತ್ರದ ಆರಂಭದಲ್ಲಿ ಹೆಗಲು ಕುಗ್ಗಿಸಿಕೊಂಡು, ಒಂದೊಂದೇ ಹೆಜ್ಜೆ ಎತ್ತಿಡುತ್ತ ಹತ್ತುತ್ತಾನೆ. ಕೊನೆಗೆ ಕುಣಿಯುತ್ತ ಇಳಿಯುತ್ತಾನೆ. ಮೈಯೇ ಅಲ್ಲಿ ಕಥೆ ಹೇಳುತ್ತದೆ, ಮಾತಿನ ಅಗತ್ಯವೇ ಬೀಳಲಿಲ್ಲ.

ಸ್ವರ್ಣವಲ್ಲಿ ದಾರಿ, ಸೋಂದಾ

ಸಂಗೀತದ ಬಗ್ಗೆ ಯಾರೂ ಬರೆಯಲಿಲ್ಲವಲ್ಲ ಎಂದು ಬೇಸರವಾಯಿತು. 2020ರಲ್ಲಿ ಈ ಚಿತ್ರ ಹನ್ನೊಂದು ಆಸ್ಕರ್ ನಾಮನಿರ್ದೇಶನ ಪಡೆದು ಗೆದ್ದದ್ದು ಎರಡನ್ನು: ಒಂದು ಫೀನಿಕ್ಸ್ ಅವರಿಗೆ, ಇನ್ನೊಂದು ಸಂಗೀತ ಸಂಯೋಜಕಿ ಹಿಲ್ಡುರ್ ಗುಡ್ನಾಡೋಟಿರ್ ಅವರಿಗೆ. ಐಸ್‌ಲ್ಯಾಂಡ್ ದೇಶದ ಈ ಕಲಾವಿದೆ ಮೂಲತಃ ಚೆಲ್ಲೊ ಎಂಬ ದೊಡ್ಡ ಪಿಟೀಲಿನಂಥ ವಾದ್ಯದ ವಾದಕಿ. ಸಾಮಾನ್ಯವಾಗಿ ಚಿತ್ರೀಕರಣ ಮುಗಿದ ಮೇಲೆ ಹಿನ್ನೆಲೆ ಸಂಗೀತ ಕೂರಿಸುತ್ತಾರೆ. ಇಲ್ಲಿ ಆಕೆ ಕಥೆಯನ್ನು ಓದಿಯೇ ಕೆಲವು ಭಾಗಗಳನ್ನು ಮೊದಲೇ ರಚಿಸಿ ಕಳುಹಿಸಿದ್ದರು.

ರೈಲಿನ ಕೊಲೆಗಳ ಬಳಿಕ ಆರ್ಥರ್ ಒಂದು ಕೊಳಕು ಶೌಚಾಲಯಕ್ಕೆ ನುಗ್ಗಿ ಬಾಗಿಲು ಹಾಕಿಕೊಳ್ಳುತ್ತಾನಲ್ಲ, ಅಲ್ಲಿ ಅವನು ಕುಣಿಯುವುದನ್ನು ಚಿತ್ರಕಥೆಯಲ್ಲಿ ಬರೆದಿರಲಿಲ್ಲ. ಪಿಸ್ತೂಲು ಬಚ್ಚಿಡುವ ದೃಶ್ಯವೊಂದನ್ನು ಯೋಚಿಸಿದ್ದರು. ಅದು ಸರಿ ಬರುತ್ತಿಲ್ಲವೆಂದು ನಿರ್ದೇಶಕರು ಆಕೆಯ ಚೆಲ್ಲೊ ವಾದನವನ್ನು ಕೇಳಿಸಿದಾಗ ಫೀನಿಕ್ಸ್ ಒಂದು ಪಾದವನ್ನು ನಿಧಾನವಾಗಿ ಸರಿಸಿದರು, ಕೈಗಳು ತಾವಾಗಿಯೇ ಎದ್ದವು. ಭಾಗವತರ ಪದ ಕೇಳಿದ ಕೂಡಲೇ ವೇಷಧಾರಿಯ ಕಾಲು ಎಚ್ಚರಗೊಳ್ಳುವುದನ್ನು ನೋಡಿದ ನಮಗೆ ಇದು ವಿಚಿತ್ರವೆನಿಸದು. ಭಯದಿಂದ ಓಡಿಬಂದವನು ಆ ಒಂದೂವರೆ ನಿಮಿಷದಲ್ಲಿ ಬೇರೊಬ್ಬನಾಗಿ ಕನ್ನಡಿಗೆ ಕೈ ಚಾಚುತ್ತಾನೆ. ನನ್ನ ಪಾಲಿಗೆ ಚಿತ್ರದ ಹೃದಯ ಮೆಟ್ಟಿಲಲ್ಲಿ ಇಲ್ಲ, ಈ ಶೌಚಾಲಯದಲ್ಲಿದೆ.

ಬೇಡ್ಕಣಿ, ಸಿದ್ದಾಪುರ

ಇಷ್ಟೆಲ್ಲ ನಿಜವಾಗಿ ನಡೆಯಿತೆಂದು ಯಾರು ಹೇಳಿದರು? ಪಕ್ಕದ ಮನೆಯ ಸೋಫಿಯ ಪ್ರೇಮ ಭ್ರಮೆಯಾಗಿದ್ದರೆ ಉಳಿದದ್ದೂ ಭ್ರಮೆಯೇ ಇರಬಹುದು. ಆರಂಭದಲ್ಲಿ ಸಮಾಲೋಚಕಿಯ ಕೋಣೆಯ ಗಡಿಯಾರ 11 ಗಂಟೆ 11 ನಿಮಿಷ ತೋರಿಸುತ್ತದೆ. ಅವನು ಆಸ್ಪತ್ರೆಯ ಬಾಗಿಲಿಗೆ ತಲೆ ಚಚ್ಚಿಕೊಳ್ಳುವ ಕ್ಷಣಮಾತ್ರದ ದೃಶ್ಯದಲ್ಲೂ ಅದೇ ಸಮಯ. ಕೊನೆಯಲ್ಲಿ ಆಸ್ಪತ್ರೆಯಲ್ಲಿ ಕುಳಿತು, ಒಂದು ತಮಾಷೆ ನೆನಪಾಯಿತು, ನಿಮಗೆ ಅರ್ಥವಾಗದು ಎನ್ನುತ್ತಾನೆ. ಇಡೀ ಚಿತ್ರವೇ ಆ ತಮಾಷೆ ಎಂದು ನನ್ನ ನಂಬಿಕೆ.

ತೋಟದ ಮನೆ, ಶಿರಸಿ

ಎಲ್ಲವೂ ಕನಸೆಂದರೆ ಮೇಲೆ ನಾವು ಬರೆದ ಅಷ್ಟೂ ಮಾತಿಗೆ ಬೆಲೆಯಿಲ್ಲ. ಆ ವಾದ ನನಗೆ ಒಗ್ಗುವುದಿಲ್ಲ.

ಓಂ ಬೀಚ್ ಸಂಜೆ, ಗೋಕರ್ಣ

ಚಿತ್ರದ ಹೆಂಗಸರ ಬಗ್ಗೆ ಒಂದು ಮಾತು. ತಾಯಿ ಪೆನ್ನಿ ಇದ್ದಾಳೆ, ಪಕ್ಕದ ಮನೆಯ ಸೋಫಿ ಇದ್ದಾಳೆ, ಸಮಾಲೋಚಕಿ ಇದ್ದಾಳೆ. ಮೂವರೂ ಆರ್ಥರ್‌ನ ಕನ್ನಡಿಗಳಷ್ಟೇ, ಅವರ ಬದುಕು ಏನೆಂದು ಚಿತ್ರ ಕೇಳುವುದೇ ಇಲ್ಲ. ತಾಯಿಯ ಮುಖಕ್ಕೆ ದಿಂಬು ಒತ್ತುವಾಗ ಕ್ಯಾಮೆರಾ ನೋಡುವುದು ಮಗನ ಮುಖವನ್ನು. ಆಕೆಯೂ ಒಂದು ಕಾಲದಲ್ಲಿ ಅದೇ ಆಸ್ಪತ್ರೆಯ ರೋಗಿಯಾಗಿದ್ದವಳು. ಒಬ್ಬ ರೋಗಿಗೆ ಎರಡು ಗಂಟೆಗಳ ಕನಿಕರ, ಇನ್ನೊಬ್ಬಳಿಗೆ ಒಂದು ದಿಂಬು. ಸೋಫಿಯ ಗತಿ ಏನಾಯಿತೆಂದು ಚಿತ್ರದೊಳಗೆ ಹೇಳುವುದೂ ಇಲ್ಲ. ನಟನನ್ನು ನಾನೂ ಮೆಚ್ಚುತ್ತೇನೆ, ಆದರೆ ಅವರ ಮೇಲಿಂದ ಕಣ್ಣು ತೆಗೆಯಲು ಚಿತ್ರ ನಮಗೆ ಅವಕಾಶವನ್ನೇ ಕೊಡದು.

ಅಘನಾಶಿನಿ, ಕುಮಟಾ

ಗೋಕರ್ಣದವರ ಮಾತನ್ನು ಓದಿ ಚಿತ್ರವನ್ನು ಮತ್ತೊಮ್ಮೆ ನೋಡಬೇಕೆನಿಸಿತು. ನಾನು ಪೆನ್ನಿಯನ್ನು ರೋಗಿಯಾಗಿ ಕಂಡೇ ಇರಲಿಲ್ಲ. ವೈದ್ಯೆಯಾಗಿ ಇದು ನನಗೆ ನೋವಿನ ಸಂಗತಿ.

ತೋಟದ ಮನೆಯವರು ಎತ್ತಿದ ಔಷಧಿಯ ವಿಷಯಕ್ಕೆ ಒಂದಿಷ್ಟು ಸೇರಿಸುತ್ತೇನೆ. ಚಿತ್ರದ ಕಾಲ 1981, ಊರು ಕಾಲ್ಪನಿಕ. ನಮ್ಮಲ್ಲಿ 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಸಹಾಯವಾಣಿ 14416 ದಿನವಿಡೀ ಕೆಲಸ ಮಾಡುತ್ತಿದೆ, ಕನ್ನಡದಲ್ಲೂ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಚಿತ್ರ ನೋಡಿ ಮನಸ್ಸು ಕಲಕಿದವರು, ಮನೆಯಲ್ಲಿ ಯಾರದೋ ಮಾತ್ರೆ ನಿಂತುಹೋಗಿದೆ ಎಂದು ಹೆದರಿದವರು ದಯವಿಟ್ಟು ಕರೆ ಮಾಡಿ. ಸ್ಕಿಜೋಫ್ರೇನಿಯಾದ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಿದರೆ ರೋಗ ಮರುಕಳಿಸುವುದೇ ಹೆಚ್ಚು, ಆರ್ಥರ್ ಹೇಳುವಂತೆ ಹಾಯೆನಿಸುವುದಿಲ್ಲ.

ಅಲೆಗಳ ಹುಡುಗ, ಅಂಕೋಲಾ

ಅಮ್ಮ ಚಿತ್ರವನ್ನು ಪೂರ್ತಿ ನೋಡಿದರೇ? ಅವರು ಏನೆಂದರು? ಮೊದಲಿನಿಂದಲೂ ಕೇಳಬೇಕೆಂದಿದ್ದೆ.

ಕಾಳಿ ದಂಡೆ, ಕಾರವಾರ

ಪೂರ್ತಿ ನೋಡಿದರು. ದಿಂಬಿನ ದೃಶ್ಯ ಬಂದಾಗ ಎದ್ದು ಅಡುಗೆಮನೆಗೆ ಹೋದವರು ಸ್ವಲ್ಪ ಹೊತ್ತಿನಲ್ಲಿ ತಿರುಗಿ ಬಂದು ಕುಳಿತರು. ಇಂಗ್ಲಿಷ್ ಅವರಿಗೆ ಅಷ್ಟಾಗಿ ತಿಳಿಯದು, ನಡುನಡುವೆ ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಸಮಾಲೋಚಕಿಯ ಕಚೇರಿ ಮುಚ್ಚುವ ದೃಶ್ಯದಲ್ಲಿ ಆರ್ಥರ್ ಕೇಳುವ ಪ್ರಶ್ನೆಯನ್ನು ಹೇಳಿದಾಗ ಅವರು, ನಿನ್ನ ಮಾವನೂ ಹೀಗೇ ಕೇಳಿದ್ದ ಎಂದರು. ಒಂದು ಮಳೆಗಾಲ ಘಟ್ಟದಲ್ಲಿ ಗುಡ್ಡ ಕುಸಿದು ದಾರಿ ಕಟ್ಟಿತ್ತಂತೆ. ಡಬ್ಬಿಯಲ್ಲಿ ನಾಲ್ಕು ದಿನದ ಮಾತ್ರೆ ಉಳಿದಿತ್ತಂತೆ. ಮಾವ ಅದನ್ನು ಜಗಲಿಯ ಮೇಲೆ ಸಾಲಾಗಿ ಇಟ್ಟು ದಿನಕ್ಕೆ ಹತ್ತು ಸಲ ಎಣಿಸುತ್ತಿದ್ದರಂತೆ. ಕೊನೆಗೆ ಅಜ್ಜ ಗೋವಾ ಕಡೆಯಿಂದ ಯಾರನ್ನೋ ಹಿಡಿದು ತರಿಸಿದರಂತೆ. ಇಷ್ಟು ವರ್ಷಗಳಲ್ಲಿ ಅಮ್ಮ ಈ ಮಾತನ್ನು ನನ್ನ ಮುಂದೆ ಎತ್ತಿದ್ದು ಇದೇ ಮೊದಲು. ತೋಟದ ಮನೆಯವರೇ, ಆ ದೃಶ್ಯದ ಮಟ್ಟಿಗೆ ನಿಮ್ಮ ಓದು ಸರಿ, ನಾನು ಅದನ್ನು ಗಮನಿಸದೆ ಬರೆದೆ. ಆದರೆ ಕಾರಿನ ಮೇಲಿನ ಜಯಕಾರವನ್ನು ನಾನು ಈಗಲೂ ಒಪ್ಪಲಾರೆ.

ಚಿತ್ರ ಮುಗಿದ ಮೇಲೆ ಕಥೆಯ ಬಗ್ಗೆ ಅಮ್ಮ ಏನನ್ನೂ ಹೇಳಲಿಲ್ಲ. ಆ ಹುಡುಗನ ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಇರಲಿಲ್ಲ, ಈಗಲಾದರೂ ಸರಿಯಾಗಿ ಉಣ್ಣುತ್ತಿದ್ದಾನೆಯೇ ಎಂದು ಮಾತ್ರ ಕೇಳಿದರು. ನಾನು ಫೋನಿನಲ್ಲಿ 2020ರ ಆಸ್ಕರ್ ವೇದಿಕೆಯ ಫೀನಿಕ್ಸ್ ಅವರ ಚಿತ್ರ ಹುಡುಕಿ ತೋರಿಸಿದೆ. ಕನ್ನಡಕ ತಂದು ಹಾಕಿಕೊಂಡು ಬಹಳ ಹೊತ್ತು ನೋಡಿದರು.